ಬೀಜ ನಮ್ಮದಾಗುವುದು ಯಾವಾಗ?

ಒಕ್ಕಲುತನವನ್ನೇ ಕಾಯಕವೆಂದು ನಂಬಿ ಬಾಳಿದ ಮನೆತನಗಳಲ್ಲಿ ಬೀಜಕ್ಕೆ ಇದ್ದ ಮನ್ನಣೆ ಬಂಗಾರಕ್ಕೂ ಇರಲಿಲ್ಲ. ಬರಗಾಲದಲ್ಲಿ ಬಂಗಾರವನ್ನು ಒತ್ತೆಯಿಟ್ಟು ಉಂಡವರುಂಟು. ಆದರೆ ಬಿತ್ತುವ ಬೀಜವನ್ನು ಕುಟ್ಟಿ ಉಣ್ಣುವ ಗಳಿಗೆ ಬಾರದಿರಲೆಂದು ಹಿರಿಯರು ಬೇಡಿಕೊಳ್ಳುತ್ತಿದ್ದರು. ಇಂದು ಬೀಜವೆಂದರೆ ಅಂಗಡಿಯಲ್ಲಿ ದೊರೆಯುವ ಬಣ್ಣದ ಪಾಕೀಟು. ಪಾಕೀಟಿನೊಳಗಿನ ವಿದ್ಯೆ ದೊಡ್ಡದು, ಅದನ್ನು ಅಲ್ಲಗಳೆಯುವ ಮಾತಿಲ್ಲ. ಆದರೆ ಆ ವಿದ್ಯೆ ನಮ್ಮ ಮನೆಗೆ ಯಾವ ಬಾಗಿಲಿನಿಂದ ಬಂದಿತು, ಬರುವಾಗ ಏನನ್ನು ತಂದಿತು, ಹೋಗುವಾಗ ಏನನ್ನು ಒಯ್ದಿತು ಎಂಬ ಲೆಕ್ಕವನ್ನು ಮನೆಮಂದಿಯೆಲ್ಲ ಕುಳಿತು ಹಾಕಬೇಕಾದ ಕಾಲ ಬಂದಿದೆ. ನಮ್ಮ ಮನೆಯಲ್ಲಿ ಅಂಥದೊಂದು ಲೆಕ್ಕ 2025ರ ಬೇಸಿಗೆಯಲ್ಲಿ ನಡೆಯಿತು. ಅದನ್ನು ಓದುಗ ಬಂಧುಗಳ ಮುಂದೆ ಇಡುವ ಮೊದಲು ನಮ್ಮ ಸೀಮೆಯ ಪರಿಚಯವನ್ನು ಸ್ವಲ್ಪದರಲ್ಲಿ ಹೇಳುವುದು ಅವಶ್ಯ.

ನಮ್ಮದು ಹಾನಗಲ್ಲ ತಾಲೂಕಿನ ಒಂದು ಸಣ್ಣ ಹಳ್ಳಿ. 1997ರ ಆಗಸ್ಟ್ 24ರಂದು ಹಾವೇರಿ ಜಿಲ್ಲೆ ಆಗುವವರೆಗೆ ನಾವು ಧಾರವಾಡ ಜಿಲ್ಲೆಯವರೇ. ಹಾನಗಲ್ಲ ಮತ್ತು ಶಿಗ್ಗಾಂವದ ಪಡುವಣ ಭಾಗ ಮಲೆನಾಡಿನ ಸೆರಗು. ಅಲ್ಲಿ ಭತ್ತ, ಮಾವು, ಅಡಿಕೆ. ಮೂಡಣಕ್ಕೆ ಸವಣೂರಿನತ್ತ ಸರಿದಂತೆ ಎರೆಭೂಮಿ, ಹತ್ತಿ, ಜೋಳ. ತೆಂಕಣಕ್ಕೆ ಹಿರೇಕೆರೂರಿನಲ್ಲಿ ಮಸಾರಿ ನೆಲವೂ ಉಂಟು, ಕೆರೆಯ ಕೆಳಗಣ ಗದ್ದೆಯೂ ಉಂಟು. ಹತ್ತೆಂಟು ಹರದಾರಿಯ ಒಳಗೆ ಮಣ್ಣು ಹೀಗೆ ಬದಲಾಗುವ ನಾಡಿನಲ್ಲಿ ಒಂದೇ ಬೀಜ ಎಲ್ಲ ಊರಿಗೂ ಒಗ್ಗುವುದಿಲ್ಲ. ನಮ್ಮ ಮನೆಗೆ ಹೆಣ್ಣು ಬಂದದ್ದು ಶಿಗ್ಗಾಂವದಿಂದ. ಅಕ್ಕನನ್ನು ಕೊಟ್ಟದ್ದು ಸವಣೂರಿನ ಕಡೆಗೆ. ತಂಗಿಯನ್ನು ಕೊಟ್ಟದ್ದು ಹಿರೇಕೆರೂರಿಗೆ. ಬೀಗತನ ಬೆಳೆದ ದಾರಿಯಲ್ಲೇ ಬೀಜವೂ ನಡೆಯುತ್ತಿತ್ತು. ಸವಣೂರಿನ ಬೀಗರ ಜೋಳ ನಮ್ಮ ಹೊಲಕ್ಕೆ, ನಮ್ಮ ಭತ್ತ ಶಿಗ್ಗಾಂವದ ಗದ್ದೆಗೆ. ಒಯ್ದವರು ಸುಗ್ಗಿಯಲ್ಲಿ ಒಯ್ದದ್ದಕ್ಕಿಂತ ಒಂದು ಹಿಡಿ ಹೆಚ್ಚು ಅಳೆದು ಕೊಡುತ್ತಿದ್ದರು. ಅದಕ್ಕೆ ಚೀಟಿಯಿಲ್ಲ, ರುಜುವಿಲ್ಲ.

ಬೀಜ ಕಾಯುವ ಕೆಲಸ ಹೆಣ್ಣುಮಕ್ಕಳದು. ಕೊಯ್ಲಿಗೆ ಮೊದಲೇ ಹೊಲದಲ್ಲಿ ಅಡ್ಡಾಡಿ, ತುಂಬಿದ ತೆನೆ, ಬಾಗದ ದಂಟು, ರೋಗವಿಲ್ಲದ ಗರಿ ನೋಡಿ ಆರಿಸಿ ಬೇರೆ ಕಟ್ಟುವುದು. ಜೋಳದ ತೆನೆಗಳನ್ನು ಒಲೆಯ ಹೊಗೆ ತಾಕುವ ಜಂತಿಗೆ ತೂಗುಹಾಕುವುದು. ಕಾಳಿಗೆ ಬೂದಿ ಬೆರೆಸಿ, ಬೇವಿನ ಸೊಪ್ಪನ್ನು ಹಾಕಿ ಗಡಿಗೆಯ ಬಾಯನ್ನು ಸಗಣಿಯಿಂದ ಸಾರಿಸುವುದು. ಸೌತೆ, ಹೀರೆ, ಕುಂಬಳದ ಬೀಜಗಳನ್ನು ಸಗಣಿಯಲ್ಲಿ ಕಲಸಿ ಗೋಡೆಗೆ ತಟ್ಟುವುದು. ಹೀಗೆ ವರ್ಷವರ್ಷವೂ ಆರಿಸಿ ಇಡುವುದೇ ಬೆಳೆ ಸುಧಾರಣೆಯ ಮೊದಲ ವಿಜ್ಞಾನ. ಇಂದು ವಿಶ್ವವಿದ್ಯಾಲಯಗಳಲ್ಲಿ ತಳಿ ಆಯ್ಕೆ ಎಂದು ಕಲಿಸುವ ವಿದ್ಯೆಯನ್ನು ನಮ್ಮ ತಾಯಂದಿರು ಹೆಸರಿಲ್ಲದೆ ಮಾಡುತ್ತಿದ್ದರು.

ನಮ್ಮ ಮನೆಯಲ್ಲಿ ಈಗ ಉಳಿದಿರುವ ಹಳೆಯ ಬೀಜ ಒಂದೇ. ಅದು ಕೂರಿಗೆಯಿಂದ ಬಿತ್ತುವ ಅಂತರಸಾಲಿ ಭತ್ತ. ಸಸಿ ಮಾಡಿ ನೆಡುವ ಭತ್ತವಲ್ಲ. ರೋಹಿಣಿ ಮಳೆಯ ಹದಕ್ಕೆ ಒಣ ನೆಲದಲ್ಲಿ ಕೂರಿಗೆ ಹೂಡಿ ಬಿತ್ತಿ, ಎಡೆ ಹೊಡೆದು, ಆಮೇಲೆ ಬಂದ ಮಳೆಯ ನೀರನ್ನು ಗದ್ದೆಯಲ್ಲಿ ತಡೆಯುವ ಪದ್ಧತಿ. ಸುತ್ತಲಿನ ಗದ್ದೆಗಳೆಲ್ಲ ಗೋವಿನಜೋಳಕ್ಕೆ ತಿರುಗಿದರೂ ನಮ್ಮ ಅತ್ತಿಗೆಯವರು ಹಟ ಹಿಡಿದು ಹತ್ತು ಗುಂಟೆಯಲ್ಲಿ ಇದನ್ನು ಉಳಿಸಿಕೊಂಡು ಬಂದಿದ್ದಾರೆ. ಆ ಹತ್ತು ಗುಂಟೆಯ ಮೇಲೆಯೇ ಮಾತು ಬಂದಿತು. ನಮ್ಮ ತಮ್ಮನ ಮಗ ಧಾರವಾಡದಲ್ಲಿ ಕೃಷಿ ಓದುತ್ತಿದ್ದಾನೆ. ರಜೆಗೆ ಬಂದವನು, ಈ ಭತ್ತದ ಅರ್ಧ ಸೇರು ಬೀಜವನ್ನು ಅಭ್ಯಾಸಕ್ಕೆಂದು ಕೇಳಿದ. ಇದರೊಳಗಿನ ವಂಶವಾಹಿಗಳಲ್ಲಿ, ಅಂದರೆ ಜೀನುಗಳಲ್ಲಿ, ಬರವನ್ನೂ ಬೆಂಕಿರೋಗವನ್ನೂ ತಾಳುವ ಗುಣವೇನಾದರೂ ಇದೆಯೇ ಎಂದು ನೋಡುವ ಆಸೆ ಅವನದು.

ಎಂಬತ್ತು ದಾಟಿದ ನಮ್ಮ ಹಿರಿಯಣ್ಣ ಒಪ್ಪಲಿಲ್ಲ. "ತಮ್ಮಾ, ಇವತ್ತು ಅರ್ಧ ಸೇರು ಒಯ್ತಿ. ನಾಳೆ ಅದನ್ನ ಪಾಕೀಟಿನ್ಯಾಗ ಹಾಕಿ ನಮಗ ಮಾರತಾರ. ಹತ್ತಿ ಹೋದ ದಾರಿ ನಾ ನೋಡೇನಿ" ಎಂದರು. "ದೊಡ್ಡಪ್ಪಾರ, ಹತ್ತಿ ಬ್ಯಾರೆ, ಭತ್ತ ಬ್ಯಾರೆ" ಎಂದು ಹುಡುಗ ಹೇಳಿದ. ಮಾತು ಅಲ್ಲಿಗೆ ನಿಲ್ಲಲಿಲ್ಲ. ಮೂರು ದಿನ ನಡೆಯಿತು. ಇಬ್ಬರ ಮಾತಿನಲ್ಲಿಯೂ ಸತ್ಯವಿತ್ತು. ಆ ಸತ್ಯ ಎಲ್ಲಿಯವರೆಗಿದೆ ಎಂದು ತಿಳಿಯಲು ಹತ್ತಿಯ ದಾರಿಯನ್ನೂ ಭತ್ತದ ದಾರಿಯನ್ನೂ ಒಮ್ಮೆ ನಡೆದು ನೋಡಬೇಕು.

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ದೂರ ಮಾಡಿಕೊಳ್ಳೋಣ. ಹೊರಗಿನಿಂದ ಬಂದದ್ದೆಲ್ಲ ಕೆಟ್ಟದ್ದು, ನಮ್ಮದೆಲ್ಲ ಪುರಾತನ ಎಂದು ಕೆಲವರು ಹೇಳುವುದುಂಟು. ಸವಣೂರಿನ ದೊಡ್ಡಹುಣಸೆ ಕಲ್ಮಠದ ಆವರಣದಲ್ಲಿ ನಿಂತಿರುವ ಮೂರು ಮಹಾವೃಕ್ಷಗಳನ್ನು ನೋಡದವರು ನಮ್ಮ ಸೀಮೆಯಲ್ಲಿ ಕಡಿಮೆ. ಜನ ಅವುಗಳನ್ನು ದೊಡ್ಡಹುಣಸೆ ಎಂದು ಕರೆದರೂ ಅವು ಹುಣಸೆಯಲ್ಲ, ಆಫ್ರಿಕಾ ಖಂಡದ ಬಾವೊಬಾಬ್ ಮರಗಳು. ನಮ್ಮ ಅಡುಗೆಗೆ ಬಣ್ಣ ಕೊಡುವ ಬ್ಯಾಡಗಿ ಮೆಣಸಿನಕಾಯಿಯ ಮೂಲ ಅಮೆರಿಕ ಖಂಡ. ಶೇಂಗಾ ಅಲ್ಲಿಯದೇ, ಗೋವಿನಜೋಳವೂ ಅಲ್ಲಿಯದೇ. ಇಂಗ್ಲೆಂಡಿನ ಗಿರಣಿಗಳಿಗೆ ಉದ್ದನೆಯ ಎಳೆ ಬೇಕೆಂದು 1840ರ ದಶಕದಲ್ಲಿ ಕಂಪನಿ ಸರಕಾರ ಧಾರವಾಡ ಜಿಲ್ಲೆಯಲ್ಲಿ ಅಮೆರಿಕದ ಹತ್ತಿಯನ್ನು ಬಿತ್ತಿಸಿತು. ಅದೇ ಮುಂದೆ 'ಧಾರವಾಡ ಅಮೆರಿಕನ್' ಎಂದು ಪೇಟೆಯಲ್ಲಿ ಹೆಸರಾಯಿತು. ಇವೆಲ್ಲ ನಮ್ಮವಾದದ್ದು ಹೇಗೆ? ಬಂದ ಬೀಜವನ್ನು ನಮ್ಮವರು ತಮ್ಮ ಮಣ್ಣಿನಲ್ಲಿ ಬೆಳೆದು, ಆರಿಸಿ, ಕಟ್ಟಿ, ಮರುವರ್ಷ ಮತ್ತೆ ಬಿತ್ತಿದರು. ನೂರಾರು ಸಲ ಹಾಗೆ ಮಾಡಿದ ಮೇಲೆ ಬ್ಯಾಡಗಿಯ ಕಾಯಿಗೆ ಬೇರೆಲ್ಲಿಯೂ ಇಲ್ಲದ ಬಣ್ಣ ಬಂದಿತು; 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆಯಿತು. ಹಾಗಾದರೆ ಬೀಜ ನಮ್ಮದಾಗುವುದು ಅದು ಎಲ್ಲಿಂದ ಬಂದಿತು ಎಂಬುದರಿಂದಲ್ಲ. ಅದನ್ನು ಮರಳಿ ಬಿತ್ತುವ ಶಕ್ತಿ ನಮ್ಮ ಕೈಯಲ್ಲಿದೆಯೇ ಎಂಬುದರಿಂದ. ಈ ಒಂದು ಅಳತೆಗೋಲನ್ನು ಹಿಡಿದು ಮುಂದಿನದನ್ನು ನೋಡೋಣ.

ಗುಣಗಳು ಪೀಳಿಗೆಯಿಂದ ಪೀಳಿಗೆಗೆ ಹೇಗೆ ಹೋಗುತ್ತವೆ ಎಂಬುದನ್ನು ನಮ್ಮ ಸೀಮೆಯ ಎರಡು ಬೆಳೆಗಳಿಂದಲೇ ತಿಳಿಯಬಹುದು. ಸವಣೂರಿನ ವೀಳ್ಯದೆಲೆಯನ್ನು ಬೀಜ ಹಾಕಿ ಬೆಳೆಯುವುದಿಲ್ಲ. ಬಳ್ಳಿಯ ತುಂಡನ್ನೇ ನೆಡುತ್ತಾರೆ. ಆದಕಾರಣ ತಾಯಿಬಳ್ಳಿಯ ರುಚಿಯೇ ಮರಿಬಳ್ಳಿಯ ರುಚಿ. ಹಾನಗಲ್ಲ ಭಾಗದ ಆಪೂಸು ಮಾವನ್ನು ಕಸಿ ಕಟ್ಟುವುದೂ ಇದೇ ಕಾರಣಕ್ಕೆ. ಗೊಟ್ಟ ನೆಟ್ಟರೆ ಹಣ್ಣು ಹುಳಿಯಾದೀತು, ನಾರಾದೀತು, ಹೇಳಲಾಗದು. ಏಕೆಂದರೆ ಬೀಜದಲ್ಲಿ ತಂದೆಗಿಡದ ಗುಣವೂ ತಾಯಿಗಿಡದ ಗುಣವೂ ಹೊಸದಾಗಿ ಹಂಚಿಕೆಯಾಗುತ್ತವೆ. ಈ ಹಂಚಿಕೆಗೆ ಒಂದು ಲೆಕ್ಕವಿದೆ ಎಂದು ಮೊದಲು ತೋರಿಸಿದವರು ಗ್ರೆಗರ್ ಮೆಂಡೆಲ್ ಎಂಬ ಕ್ರೈಸ್ತ ಮಠದ ಸನ್ಯಾಸಿ. ಮಠದ ತೋಟದಲ್ಲಿ ಬಟಾಣಿ ಬೆಳೆದು, ಕಾಳುಗಳನ್ನು ಒಂದೊಂದಾಗಿ ಎಣಿಸಿ, 1866ರಲ್ಲಿ ಅವರು ಪ್ರಕಟಿಸಿದ ಲೇಖನವನ್ನು ಜಗತ್ತು ಗುರುತಿಸಿದ್ದು 1900ರಲ್ಲಿ. ಆ ಗುಣಗಳನ್ನು ಬರೆದಿಟ್ಟ ವಸ್ತು ಡಿ.ಎನ್.ಎ.; ಅದರ ಸುರುಳಿಯ ರಚನೆ ತಿಳಿದದ್ದು 1953ರಲ್ಲಿ. ನಾಲ್ಕೇ ಅಕ್ಷರಗಳ ಆ ಲಿಪಿಯಲ್ಲಿ ಭತ್ತದ ಪುರಾಣ ಸುಮಾರು 39 ಕೋಟಿ ಅಕ್ಷರಗಳಷ್ಟು ಉದ್ದವಿದೆ. ಭಾರತವೂ ಸೇರಿ ಹಲವು ದೇಶಗಳ ವಿಜ್ಞಾನಿಗಳು ಕೂಡಿ ಅದನ್ನು ಓದಿ ಮುಗಿಸಿದ್ದು 2005ರಲ್ಲಿ.

ಈಗ ಹತ್ತಿಯ ದಾರಿಗೆ ಬರೋಣ. 1970ರಲ್ಲಿ ಗುಜರಾತಿನ ಸೂರತ್ತಿನಲ್ಲಿ ಸಿ. ಟಿ. ಪಟೇಲರು ಜಗತ್ತಿನಲ್ಲೇ ಮೊದಲ ವಾಣಿಜ್ಯ ಸಂಕರ ಹತ್ತಿಯನ್ನು ಕೊಟ್ಟರು. ಎರಡು ವರ್ಷದ ತರುವಾಯ, 1972ರಲ್ಲಿ, ನಮ್ಮ ಧಾರವಾಡದಲ್ಲಿ ಡಾ. ಬಿ. ಎಚ್. ಕಟರಕಿಯವರು ಎರಡು ಬೇರೆ ಬೇರೆ ಜಾತಿಯ ಹತ್ತಿಗಳನ್ನು ಕೂಡಿಸಿ 'ವರಲಕ್ಷ್ಮಿ'ಯನ್ನು ಬಿಡುಗಡೆ ಮಾಡಿದರು. ಲಕ್ಷ್ಮಿ ಎಂಬ ನಮ್ಮ ಭಾಗದ ಹತ್ತಿ ತಾಯಿ. ಸಮುದ್ರದ್ವೀಪದ ನಯವಾದ ಉದ್ದ ಎಳೆಯ ಜಾತಿಯ ಹತ್ತಿ ತಂದೆ. 1981ರಲ್ಲಿ ಧಾರವಾಡದಿಂದಲೇ ಡಿ.ಸಿ.ಎಚ್.-32, ಅಂದರೆ 'ಜಯಲಕ್ಷ್ಮಿ' ಬಂದಿತು. ಪರದೇಶದಿಂದ ತರಿಸುತ್ತಿದ್ದ ಉದ್ದ ಎಳೆಯ ಹತ್ತಿ ನಮ್ಮ ಹೊಲಗಳಲ್ಲೇ ಬೆಳೆಯತೊಡಗಿತು. ನಮ್ಮ ಸವಣೂರಿನ ಬೀಗರು ಮನೆಗೆ ಮೇಲ್ಮಾಳಿಗೆ ಹಾಕಿಸಿದ್ದು, ಅಕ್ಕನ ಮಕ್ಕಳು ಹುಬ್ಬಳ್ಳಿಯಲ್ಲಿ ಕಾಲೇಜು ಕಲಿತದ್ದು ಇದೇ ಹತ್ತಿಯ ಹಣದಿಂದ. ಆ ಉಪಕಾರವನ್ನು ಮರೆಯುವುದು ಧರ್ಮವಲ್ಲ.

ಸಂಕರ ಬೀಜ ತಯಾರಾಗುವ ಬಗೆಯನ್ನು ನೋಡಬೇಕಾದರೆ ಹಿರೇಕೆರೂರು, ರಾಣೇಬೆನ್ನೂರಿನ ಕಡೆಗೆ ಹೋಗಬೇಕು. ನಮ್ಮ ತಂಗಿಯ ಮನೆಯವರು ಎಷ್ಟೋ ವರ್ಷ ಬೀಜದ ಪ್ಲಾಟು ಮಾಡಿದವರು. ಮರುದಿನ ಅರಳಲಿರುವ ಮೊಗ್ಗನ್ನು ಸಾಯಂಕಾಲ ಹುಡುಕಿ, ಉಗುರಿನಿಂದ ಪಕಳೆಯನ್ನೂ ಪರಾಗ ತುಂಬಿದ ಕೇಸರಗಳನ್ನೂ ಕಿತ್ತು, ನಡುವಣ ಕಡ್ಡಿಯನ್ನು ಮಾತ್ರ ಉಳಿಸಿ, ಗುರುತಿಗೆ ಬಣ್ಣದ ಕಾಗದ ಮುಚ್ಚುತ್ತಾರೆ. ಬೆಳಗ್ಗೆ ಗಂಡುಸಾಲಿನ ಹೂವನ್ನು ತಂದು ಆ ಕಡ್ಡಿಯ ತುದಿಗೆ ಸವರುತ್ತಾರೆ. ಒಂದೊಂದು ಹೂವಿಗೂ ಎರಡು ಸಲ ಕೈ ತಾಕಬೇಕು. 'ಕ್ರಾಸಿಂಗ್' ಎಂದು ಕರೆಯುವ ಈ ಕೆಲಸವನ್ನು ಬಹುಮಟ್ಟಿಗೆ ಹೆಣ್ಣುಮಕ್ಕಳೇ ಮಾಡುತ್ತಾರೆ. ದೇಶದ ಹತ್ತಿಯ ಸಿರಿಯೆಲ್ಲ ನಮ್ಮ ತಾಯಂದಿರ, ಅಕ್ಕತಂಗಿಯರ ಬೆರಳ ತುದಿಯಿಂದ ಹೊರಟದ್ದೆಂದರೆ ಅತಿಶಯವಲ್ಲ.

ಆದರೆ ಸಂಕರ ಬೀಜಕ್ಕೆ ಒಂದು ಕಟ್ಟು ಉಂಟು. ಮೊದಲ ಪೀಳಿಗೆಯಲ್ಲಿ ತಂದೆತಾಯಿಯ ಒಳ್ಳೆಯ ಗುಣಗಳು ಕೂಡಿ ಗಿಡ ಹುರುಪಿನಿಂದ ಬೆಳೆಯುತ್ತದೆ. ಅದರ ಬೀಜವನ್ನು ಇಟ್ಟುಕೊಂಡು ಮರುವರ್ಷ ಬಿತ್ತಿದರೆ, ಮೆಂಡೆಲರು ಹೇಳಿದ ಲೆಕ್ಕದಂತೆ ಗುಣಗಳು ಒಡೆದು ಹಂಚಿಹೋಗುತ್ತವೆ. ಒಂದು ಗಿಡ ಎತ್ತರ, ಒಂದು ಗಿಡ್ಡ, ಒಂದರ ಎಳೆ ಉದ್ದ, ಇನ್ನೊಂದರದು ತುಂಡು. ಆದಕಾರಣ ಪ್ರತಿವರ್ಷ ಹೊಸ ಬೀಜವನ್ನೇ ಕೊಳ್ಳಬೇಕು. ಇದು ಯಾರ ಮೋಸವೂ ಅಲ್ಲ, ಪ್ರಕೃತಿಯ ನಿಯಮ. ಆದರೂ ಆ ನಿಯಮದಿಂದ ಬೀಜದ ಗಡಿಗೆ ಮನೆಯ ಮೂಲೆಯಿಂದ ಅಂಗಡಿಯ ಕಪಾಟಿಗೆ ಹೋಯಿತು. ಗೋವಿನಜೋಳದಲ್ಲಿಯೂ ಹಾಗೆಯೇ ಆಯಿತು. ಬೀಜವನ್ನು ಕೊಂಡು ಬಿತ್ತುವವರು ಗುಣವನ್ನು ಆರಿಸುವ ಕಣ್ಣನ್ನು ಕ್ರಮೇಣ ಕಳೆದುಕೊಳ್ಳುತ್ತಾರೆ. ಇದು ಹಣದ ನಷ್ಟಕ್ಕಿಂತ ದೊಡ್ಡ ನಷ್ಟ.

1990ರ ದಶಕದಲ್ಲಿ ಹತ್ತಿಗೆ ಕಾಯಿಕೊರಕ ಹುಳುವಿನ ಕಾಟ ಮಿತಿಮೀರಿತು. ವಾರಕ್ಕೊಮ್ಮೆ ಔಷಧ ಹೊಡೆದರೂ ಹುಳು ಸಾಯದು. ಔಷಧದ ಸಾಲ ಮಾತ್ರ ಬೆಳೆಯಿತು. ಆಗ ಬಂದದ್ದು ಬಿ.ಟಿ. ಹತ್ತಿ. ಮಣ್ಣಿನಲ್ಲಿ ಸಹಜವಾಗಿರುವ ಬ್ಯಾಸಿಲಸ್ ಥುರಿಂಜಿಯೆನ್ಸಿಸ್ ಎಂಬ ಸೂಕ್ಷ್ಮಜೀವಿಯ ಒಂದು ಜೀನನ್ನು ತೆಗೆದು ಹತ್ತಿಯಲ್ಲಿ ಸೇರಿಸುತ್ತಾರೆ. ಆಗ ಗಿಡವೇ ಒಂದು ಪ್ರೋಟೀನನ್ನು ಸಿದ್ಧಮಾಡುತ್ತದೆ. ಹುಳುವಿನ ಕರುಳಿನಲ್ಲಿ ಕ್ಷಾರಗುಣವಿರುವುದರಿಂದ ಅದು ಅಲ್ಲಿ ಕರಗಿ, ಕರುಳಿನ ಗೋಡೆಗೆ ಅಂಟಿ ರಂಧ್ರ ಮಾಡುತ್ತದೆ. ಹುಳು ಮೇವು ಬಿಟ್ಟು ಸಾಯುತ್ತದೆ. ಒಂದು ಜೀವಿಯ ಜೀನನ್ನು ಮತ್ತೊಂದು ಕುಲದ ಜೀವಿಗೆ ಸೇರಿಸುವುದರಿಂದ ಇದಕ್ಕೆ ಕುಲಾಂತರಿ ಬೆಳೆ ಎಂದು ಹೆಸರು. 1998ರಲ್ಲಿ ರಾಯಚೂರು ಜಿಲ್ಲೆ ಮೊದಲಾದೆಡೆ ಇದರ ಪ್ರಯೋಗದ ಹೊಲಗಳನ್ನು ಪ್ರೊ. ಎಂ. ಡಿ. ನಂಜುಂಡಸ್ವಾಮಿಯವರ ನೇತೃತ್ವದ ರೈತಸಂಘದವರು ಕಿತ್ತು ಸುಟ್ಟರು. 2002ರ ಮಾರ್ಚಿನಲ್ಲಿ ಕೇಂದ್ರ ಸರಕಾರ ಇದಕ್ಕೆ ಅನುಮತಿ ಕೊಟ್ಟಿತು. ಎಕರೆಗೆ ಸಾಲುವ 450 ಗ್ರಾಮಿನ ಪಾಕೀಟಿಗೆ ಆಗ ಸುಮಾರು 1,600 ರೂಪಾಯಿ. ಸರಕಾರ ಮುಂದೆ ಬೆಲೆಗೆ ಮಿತಿ ಹಾಕಿ, 2016ರಲ್ಲಿ ಎರಡು ಜೀನಿನ ಬಿ.ಟಿ. ಹತ್ತಿಗೆ 800 ರೂಪಾಯಿ ಎಂದು ಗೊತ್ತುಪಡಿಸಿತು.

ಮೊದಲ ಕೆಲವು ವರ್ಷ ಸವಣೂರಿನ ಬೀಗರು ಹಿಗ್ಗಿದರು. ಔಷಧ ಹೊಡೆಯುವುದು ಕಡಿಮೆಯಾಯಿತು, ಕಾಯಿ ಉಳಿಯಿತು. ದೇಶದ ಹತ್ತಿ ಹೊಲಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಬಿ.ಟಿ. ಆದವು. ಆದರೆ ಹುಳುವೂ ಜೀವಿಯೇ. ಅದಕ್ಕೂ ವಂಶವುಂಟು, ಅಲ್ಲಿಯೂ ಆಯ್ಕೆ ನಡೆಯುತ್ತದೆ. ಸಾವಿರ ಹುಳುಗಳಲ್ಲಿ ಒಂದೆರಡು ವಿಷವನ್ನು ಅರಗಿಸಿಕೊಂಡು ಉಳಿದರೆ ಮುಂದಿನ ಸಂತಾನ ಅವುಗಳದೇ. ಇದನ್ನು ತಡೆಯಲು ಹೊಲದ ಸುತ್ತ ಕೆಲವು ಸಾಲು ಸಾದಾ ಹತ್ತಿಯನ್ನು ಬಿತ್ತಬೇಕೆಂದು ಬೇರೆ ಪೊಟ್ಟಣದಲ್ಲಿ ಬೀಜ ಕೊಡುತ್ತಿದ್ದರು; ಅದು ಏಕೆಂದು ತಿಳಿಸಿ ಹೇಳಿದವರು ಕಡಿಮೆ, ಬಿತ್ತಿದವರು ಇನ್ನೂ ಕಡಿಮೆ. 2010ರಲ್ಲಿ ಗುಜರಾತಿನಿಂದ, ಗುಲಾಬಿ ಕಾಯಿಕೊರಕ ಮೊದಲ ಜೀನಿಗೆ ಜಗ್ಗುವುದಿಲ್ಲವೆಂಬ ಸುದ್ದಿ ಬಂದಿತು. ಮುಂದಿನ ವರ್ಷಗಳಲ್ಲಿ ಎರಡು ಜೀನಿನ ಹತ್ತಿಯನ್ನೂ ಅದು ಅರಗಿಸಿಕೊಂಡಿತು. ಒಂದು ವರ್ಷ ನಮ್ಮ ಬೀಗರ ಆರು ಎಕರೆಯಲ್ಲಿ ಗಿಡ ಎದೆಯುದ್ದ ಬೆಳೆದು ಕಾಯಿಯೇ ಕಟ್ಟಲಿಲ್ಲ. ಅಂಗಡಿಯವರು ಕಂಪನಿಯತ್ತ ಕೈ ತೋರಿದರು, ಕಂಪನಿಯವರು ಮಳೆಯತ್ತ ಕೈ ತೋರಿದರು. ಸಾಲಕ್ಕಾಗಿ ಕೆರೆಯ ಬದಿಯ ಎರಡು ಎಕರೆ ಹೋಯಿತು. ಹಿರಿಯಣ್ಣ "ಹತ್ತಿ ಹೋದ ದಾರಿ ನಾ ನೋಡೇನಿ" ಎಂದದ್ದು ಈ ನೋವಿನಿಂದ.

ಹತ್ತಿಯ ಕಥೆಯಲ್ಲಿ ಒಂದು ತಿರುವು ಮಾತ್ರ ಹೆಚ್ಚು ಜನಕ್ಕೆ ತಿಳಿಯದು. ಬಿ.ಟಿ. ಗುಣ ಸಂಕರದಲ್ಲಿಯೇ ಇರಬೇಕೆಂದಿಲ್ಲ. ಸಾದಾ ತಳಿಯಲ್ಲಿಟ್ಟರೆ ರೈತ ಬೀಜವನ್ನು ಮನೆಯಲ್ಲೇ ಉಳಿಸಿಕೊಳ್ಳಬಹುದು. ನಾಗಪುರದ ಕೇಂದ್ರೀಯ ಹತ್ತಿ ಸಂಶೋಧನಾ ಸಂಸ್ಥೆಯೂ ಧಾರವಾಡದ ಕೃಷಿ ವಿಶ್ವವಿದ್ಯಾಲಯವೂ ಕೂಡಿ ಅಂಥ 'ಬಿಕಾನೇರಿ ನರ್ಮಾ' ಬಿ.ಟಿ. ತಳಿಯನ್ನು ಸಿದ್ಧಪಡಿಸಿದವು. 2008ರಲ್ಲಿ ಅನುಮತಿ ದೊರೆತು 2009ರಲ್ಲಿ ಬೀಜ ರೈತರ ಕೈಗೆ ಬಂದಿತು. ಆದರೆ ಅದರಲ್ಲಿ ಖಾಸಗಿ ಕಂಪನಿಯ ಜೀನು ಕಂಡುಬಂದುದರಿಂದ ಬೀಜೋತ್ಪಾದನೆಯನ್ನೇ ನಿಲ್ಲಿಸಲಾಯಿತು. ಬೀಜವನ್ನು ಮರಳಿ ಮನೆಗೆ ತರುವ ಒಂದು ಯತ್ನ ಹೀಗೆ ಮುಗಿಯಿತು.

ಇನ್ನು ಭತ್ತದ ದಾರಿ. ಭತ್ತದ ಹೂವು ತನ್ನ ಪರಾಗದಿಂದಲೇ ಕಾಳು ಕಟ್ಟುತ್ತದೆ. ಆದಕಾರಣ ಸಂಕರವಲ್ಲದ ಸಾದಾ ತಳಿಯ ಬೀಜ ವರ್ಷವರ್ಷವೂ ಹೆಚ್ಚುಕಡಿಮೆ ತಾಯಿಯಂತೆಯೇ ಬರುತ್ತದೆ. ಹುಡುಗ "ಭತ್ತ ಬ್ಯಾರೆ" ಎಂದದ್ದು ಇದಕ್ಕೆ. ಅವನು ಕಲಿಯುತ್ತಿರುವ ವಿದ್ಯೆಯೂ ಬೇರೆ. ಹಿಂದೆ ಒಂದು ತಳಿಗೆ ರೋಗ ತಾಳುವ ಗುಣವನ್ನು ತರಬೇಕಾದರೆ ಎರಡು ಭತ್ತಗಳನ್ನು ಕೂಡಿಸಿ, ಸಾವಿರಾರು ಸಸಿ ಬೆಳೆಸಿ, ರೋಗ ಬರುವವರೆಗೆ ಕಾಯ್ದು, ಉಳಿದದ್ದನ್ನು ಆರಿಸಬೇಕಿತ್ತು. ಹತ್ತು ಹನ್ನೆರಡು ವರ್ಷ ಹಿಡಿಯುತ್ತಿತ್ತು. ಈಗ ಎಳೆಯ ಸಸಿಯ ಎಲೆಯ ಒಂದು ಚೂರಿನಿಂದ ಡಿ.ಎನ್.ಎ. ತೆಗೆದು, ಬೇಕಾದ ಜೀನಿನ ಪಕ್ಕದಲ್ಲಿರುವ ಗುರುತನ್ನು ನೋಡಿ, ಗುಣ ಬಂದಿದೆಯೋ ಇಲ್ಲವೋ ಎಂದು ಕೆಲವು ದಿನಗಳಲ್ಲೇ ಹೇಳುತ್ತಾರೆ. ಇಲ್ಲಿ ಬೇರೆ ಕುಲದ ಜೀನನ್ನು ಸೇರಿಸುವುದಿಲ್ಲ. ಭತ್ತಕ್ಕೆ ಭತ್ತದ್ದೇ ಗುಣ; ಆರಿಸುವ ಕಣ್ಣು ಮಾತ್ರ ಹೊಸದು. ನಮ್ಮ ಅತ್ತಿಗೆಯವರು ತೆನೆ ನೋಡಿ ಮಾಡುವುದನ್ನು ಇವರು ಎಲೆಯೊಳಗಿನ ಅಕ್ಷರ ನೋಡಿ ಮಾಡುತ್ತಾರೆ.

ಹೈದರಾಬಾದಿನ ವಿಜ್ಞಾನಿಗಳು ಹೀಗೆ ಬಿ.ಪಿ.ಟಿ. 5204 ಎಂಬ ಜನಪ್ರಿಯ ಸಣ್ಣ ಅಕ್ಕಿಯ ಭತ್ತಕ್ಕೆ ದುಂಡಾಣು ಅಂಗಮಾರಿ ರೋಗವನ್ನು ತಡೆಯುವ ಮೂರು ಜೀನುಗಳನ್ನು ಕೂಡಿಸಿ, 2008ರಲ್ಲಿ ಸುಧಾರಿತ ಸಾಂಬಾ ಮಸೂರಿಯನ್ನು ಕೊಟ್ಟರು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಡಾ. ಎಚ್. ಇ. ಶಶಿಧರ ಅವರ ಶ್ರಮದಿಂದ, ಗದ್ದೆಯಲ್ಲಿ ನೀರು ನಿಲ್ಲಿಸದೆ ಬೆಳೆಯುವ ಎಂ.ಎ.ಎಸ್. 946-1, ಅಂದರೆ 'ಶಾರದಾ' ಭತ್ತ 2007ರಲ್ಲಿ ಬಂದಿತು. ಒಣ ನೆಲದಲ್ಲಿ ನೇರ ಬಿತ್ತುವ ಭತ್ತವೆಂದು ಕೇಳಿದಾಗ ಹಿರಿಯಣ್ಣ ನಕ್ಕು, "ನಮ್ಮ ಕೂರಿಗೆ ಭತ್ತ ಮತ್ತೇನು?" ಎಂದರು. ಆ ನಗೆಯಲ್ಲಿ ಮಾತು ಸ್ವಲ್ಪ ಮೆತ್ತಗಾಯಿತು.

ಆದರೆ ಅವರ ಮನಸ್ಸನ್ನು ನಿಜವಾಗಿ ತಿರುಗಿಸಿದ್ದು ಒರಿಸ್ಸಾದ ಭತ್ತದ ಸಂಗತಿ. ಅಲ್ಲಿಯ ನೆರೆ ಬರುವ ತಗ್ಗು ಗದ್ದೆಗಳಲ್ಲಿ ಎರಡು ವಾರ ನೀರಿನಲ್ಲಿ ಮುಳುಗಿದರೂ ಸಾಯದ ಒಂದು ಹಳೆಯ ಭತ್ತವಿತ್ತು. ಇಳುವರಿ ಕಡಿಮೆ, ಅಕ್ಕಿ ಒರಟು. ಪೇಟೆಯಲ್ಲಿ ಅದನ್ನು ಕೇಳುವವರಿರಲಿಲ್ಲ. ಆದರೂ ರೈತರು ಅದನ್ನು ಬಿಡದೆ ಇಟ್ಟುಕೊಂಡಿದ್ದರು. ಮುಳುಗಡೆಯನ್ನು ತಾಳುವ ಅದರ ಜೀನನ್ನು 2006ರಲ್ಲಿ ಗುರುತಿಸಿದರು; ಮೂರೇ ವರ್ಷದಲ್ಲಿ, 2009ರಲ್ಲಿ, ಆ ಗುಣವುಳ್ಳ 'ಸ್ವರ್ಣ ಸಬ್-1' ಭಾರತದ ರೈತರಿಗೆ ಬಂದಿತು. ನೆರೆಯ ನಾಡಿನ ಲಕ್ಷಾಂತರ ಮನೆಗಳ ಅನ್ನ ಅದರಿಂದ ಉಳಿದಿದೆ. ಯಾರೋ ಹೆಸರಿಲ್ಲದ ಒಕ್ಕಲಿಗರು ಆ ಒರಟು ಭತ್ತವನ್ನು ಬಿಟ್ಟಿದ್ದರೆ ಪ್ರಯೋಗಶಾಲೆಯ ಯಂತ್ರಗಳೆಲ್ಲ ಇದ್ದೂ ಹುಡುಕುವುದಕ್ಕೆ ಏನೂ ಇರುತ್ತಿರಲಿಲ್ಲ. ಪ್ರಯೋಗಶಾಲೆ ಗುಣವನ್ನು ಓದಬಲ್ಲದು, ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸಬಲ್ಲದು. ಆದರೆ ಮಳೆ, ಬರ, ರೋಗಗಳಲ್ಲಿ ತಲೆಮಾರುಗಳ ಕಾಲ ಪಳಗಿದ ಗುಣ ಸಿಗುವುದು ಯಾರಾದರೂ ಉಳಿಸಿಟ್ಟ ಬೀಜದಲ್ಲಿಯೇ.

ಇತ್ತೀಚಿನದು ಜೀನ್ ತಿದ್ದುಪಡಿ. ಹೊರಗಿನ ಜೀನನ್ನು ಸೇರಿಸದೆ, ಇರುವ ಜೀನಿನಲ್ಲಿಯೇ ಒಂದೆರಡು ಅಕ್ಷರಗಳನ್ನು ತಿದ್ದುವುದು. 2022ರಲ್ಲಿ ಕೇಂದ್ರ ಸರಕಾರ ಇಂಥ ಬೆಳೆಗಳನ್ನು ಕುಲಾಂತರಿ ಬೆಳೆಗಳ ಕಟ್ಟುನಿಟ್ಟಿನ ನಿಯಮದಿಂದ ಬಿಡಿಸಿತು. 2025ರ ಮೇ 4ರಂದು ಈ ಬಗೆಯ ಎರಡು ಭತ್ತಗಳನ್ನು ಘೋಷಿಸಲಾಯಿತು. ಸಾಂಬಾ ಮಸೂರಿಯಿಂದ ಬಂದ 'ಕಮಲಾ' ಸುಮಾರು 20 ದಿನ ಮೊದಲೇ ಕೊಯ್ಲಿಗೆ ಬರುತ್ತದೆಂದೂ, 'ಪೂಸಾ ಡಿ.ಎಸ್.ಟಿ. ರೈಸ್-1' ಬರ ಮತ್ತು ಸವುಳನ್ನು ತಾಳುತ್ತದೆಂದೂ ವಿಜ್ಞಾನಿಗಳು ಹೇಳಿದರು. ತಿದ್ದುವ ಸಾಧನದ ಹಕ್ಕು ಯಾರದು, ನಾಳೆ ಬೀಜದ ಮೇಲೆ ಅದರ ನೆರಳು ಬಿದ್ದೀತೇ ಎಂದು ರೈತಸಂಘಟನೆಗಳು ಕೇಳಿದವು. ಕೇಳಲೇಬೇಕಾದ ಪ್ರಶ್ನೆ ಅದು. ಪ್ರಶ್ನೆ ಕೇಳುವುದು ವಿಜ್ಞಾನದ ವಿರೋಧವಲ್ಲ. ಅನುಭಾವದ ಮಂಟಪವನ್ನು ಪ್ರಶ್ನೋತ್ತರದ ಮೇಲೆ ಕಟ್ಟಿದ ಪರಂಪರೆ ನಮ್ಮದು.

ಮೂರನೆಯ ದಿನ ರಾತ್ರಿ ಊಟವಾದ ಮೇಲೆ ಅತ್ತಿಗೆಯವರೇ ತೀರ್ಪು ಕೊಟ್ಟರು. ಅಲ್ಲಿಯವರೆಗೆ ಅವರು ಒಂದು ಮಾತನ್ನೂ ಆಡಿರಲಿಲ್ಲ. "ಬೀಜ ಬೇಡಿ ಬಂದವರಿಗೆ ಇಲ್ಲ ಅನ್ನೂದು ನಮ್ಮ ಮನ್ಯಾಗ ಇಲ್ಲ. ಒಯ್ಯಲಿ. ಆದ್ರ ಒಯ್ದಷ್ಟು ತಿರುಗಿ ತಂದು ಹಾಕಬೇಕು, ಏನು ಕಂಡ್ರಿ ಅನ್ನೂದನ್ನ ನನಗ ತಿಳಿಯೂ ಹಂಗ ಹೇಳಬೇಕು" ಎಂದರು. ಹಿರಿಯಣ್ಣ ತಲೆದೂಗಿದರು. ಹುಡುಗ ಕೈಮುಗಿದು ಒಪ್ಪಿದ. ಅವನೇ ಇನ್ನೊಂದು ವಿಷಯ ತಿಳಿಸಿದ. ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆ ಎಂಬುದು 2001ರಲ್ಲಿಯೇ ಬಂದಿದೆ. ತನ್ನ ಹೊಲದ ಬೀಜವನ್ನು ಉಳಿಸುವ, ಬಿತ್ತುವ, ಮರಳಿ ಬಿತ್ತುವ, ಹಂಚುವ, ವಿನಿಮಯ ಮಾಡುವ, ಕಂಪನಿಯ ಮುದ್ರೆ ಹಾಕದೆ ಮಾರುವ ಹಕ್ಕು ರೈತನಿಗೆ ಅದರಿಂದ ದೊರೆತಿದೆ. ಹಳೆಯ ತಳಿಯನ್ನು ರೈತರೇ ತಮ್ಮ ಹೆಸರಿನಲ್ಲಿ ನೋಂದಾಯಿಸಬಹುದು. ಬೀಗರ ನಡುವೆ ಚೀಟಿಯಿಲ್ಲದೆ ನಡೆಯುತ್ತಿದ್ದ ವ್ಯವಹಾರ ಈಗ ಕಾನೂನಿನ ಬರಹದಲ್ಲಿಯೂ ಇದೆ ಎಂದು ತಿಳಿದು ನಮಗೆ ಸಮಾಧಾನವಾಯಿತು. ಸುಗ್ಗಿಯ ಹೊತ್ತಿಗೆ ಹುಡುಗ ಅರ್ಧ ಸೇರಿನ ಮೇಲೆ ಒಂದು ಹಿಡಿ ಸೇರಿಸಿ ಬೀಜವನ್ನು ತಿರುಗಿ ತಂದುಕೊಟ್ಟ. ಪರೀಕ್ಷೆ ಇನ್ನೂ ನಡೆದಿದೆ.

ಓದುಗ ಬಂಧುಗಳಲ್ಲಿ, ಅದರಲ್ಲಿಯೂ ತಾಯಂದಿರಲ್ಲಿ, ನಮ್ಮ ಬಿನ್ನಹ ಇಷ್ಟೇ. ಹೊಸ ತಳಿ ಬೇಡವೆನ್ನಬೇಡಿ. ಮಕ್ಕಳು ಈ ವಿದ್ಯೆಯನ್ನು ಕಲಿಯಲಿ, ಧಾರವಾಡಕ್ಕೂ ಹೋಗಲಿ, ಅದರಾಚೆಗೂ ಹೋಗಲಿ. ಆದರೆ ಅಂಗಡಿಯಲ್ಲಿ ಬೀಜ ಕೊಳ್ಳುವಾಗ ಇದು ಸಂಕರವೋ ಸಾದಾ ತಳಿಯೋ, ಮರಳಿ ಬಿತ್ತಬಹುದೋ ಬಾರದೋ ಎಂದು ಕೇಳಿರಿ. ರಸೀದಿಯನ್ನೂ ಖಾಲಿ ಪಾಕೀಟನ್ನೂ ಸುಗ್ಗಿಯವರೆಗೆ ಕಾಯ್ದಿಡಿ. ಹಾಗೆಯೇ ಮನೆಯಲ್ಲಿ ಯಾವುದಾದರೂ ಹಳೆಯ ಬೀಜ ಉಳಿದಿದೆಯೇ ನೋಡಿರಿ. ಜವೆಗೋದಿಯಿರಲಿ, ನವಣೆಯಿರಲಿ, ಹಿತ್ತಿಲ ಅವರೆಯಿರಲಿ, ಐದು ಗುಂಟೆಯನ್ನಾದರೂ ಅದಕ್ಕೆ ಬಿಡಿ. ಕಾಳು ಹಲ್ಲಿಗೆ ಕಟ್ಟೆನ್ನುವಷ್ಟು ಒಣಗಿಸಿ ಇಡಿ. ಬಿತ್ತುವ ಮೊದಲು ನೂರು ಕಾಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು ಮೊಳಕೆ ಎಣಿಸಿರಿ. ಭತ್ತವಾದರೆ ಎಂಬತ್ತಾದರೂ ಮೊಳೆಯಬೇಕು. ತಳಿಯ ಹೆಸರು, ಯಾರ ಮನೆಯಿಂದ ಬಂದದ್ದು, ಎಷ್ಟು ದಿನದ ಬೆಳೆ ಎಂದು ಒಂದು ವಹಿಯಲ್ಲಿ ಬರೆದಿಡಿ. ಬೇಡಿ ಬಂದವರಿಗೆ ಒಂದು ಹಿಡಿ ಕೊಡಿ, ಕೊಟ್ಟದ್ದು ತಿರುಗಿ ಬರುವಂತೆ ನೋಡಿಕೊಳ್ಳಿ. ಮುಂದಿನ ರೋಹಿಣಿ ಮಳೆಗೆ ನಮ್ಮ ಅಂತರಸಾಲಿ ಬೀಜ ಶಿಗ್ಗಾಂವದ ಬೀಗರ ಗದ್ದೆಗೂ ಹಿರೇಕೆರೂರಿನ ತಂಗಿಯ ಗದ್ದೆಗೂ ಹೋಗಲಿದೆ. ಒಂದು ಮನೆಯಲ್ಲಿ ಕೆಟ್ಟರೆ ಇನ್ನೊಂದು ಮನೆಯಲ್ಲಿ ಉಳಿದಿರಲೆಂದು ಅತ್ತಿಗೆಯವರು ಈಗಲೇ ಅಳೆದು, ಬಟ್ಟೆಯಲ್ಲಿ ಕಟ್ಟಿ ಇಟ್ಟಿದ್ದಾರೆ.